ಗ್ರನಾಡಾದಲ್ಲಿ ಸಿಕ್ಕ ಜೋನಿಬೆಲ್ಲ

ಬಿ.ಇ. ಮೂರನೇ ವರ್ಷದ ಒಂದು ಸೆಮಿಸ್ಟರ್ ಓದಲು ಸ್ಪೇನ್‌ನ ಗ್ರನಾಡಾಕ್ಕೆ ಹೋಗಿದ್ದೆ. ಸಾಗರದ ಈ ಸಸ್ಯಾಹಾರಿಗೆ ಅಲ್ಲಿ ಬ್ರೆಡ್ಡು, ಬಾಳೆಹಣ್ಣೇ ಗತಿ. ಅಮ್ಮ ಫೋನಿನಲ್ಲಿ ‘ಊಟ ಆಯ್ತಾ?’ ಎಂದರೆ ‘ಹೂಂ, ಆಯ್ತು’ ಎಂದು ಸುಳ್ಳು ಹೇಳುತ್ತಿದ್ದೆ.

ರೂಮಿನ ಕೆಳಗೇ ಒಂದು ತಪಾಸ್ ಬಾರ್ ಇತ್ತು. ತಪಾಸ್ ಎಂದರೆ ಪಾನೀಯದ ಜೊತೆ ತಿನ್ನುವ ಸಣ್ಣ ತಟ್ಟೆಯ ತಿನಿಸು. ಗ್ರನಾಡಾದಲ್ಲಿ ಏನಾದರೂ ಕುಡಿಯಲು ಕೇಳಿದರೆ ತಟ್ಟೆ ಪುಕ್ಕಟೆ! ಆದರೂ ‘ಬಾರ್’ ಎಂಬ ಬೋರ್ಡು ನೋಡಿ ಎರಡು ವಾರ ಒಳಗೆ ಕಾಲಿಡಲಿಲ್ಲ.

ಒಂದು ರಾತ್ರಿ ಹಸಿವು ತಡೆಯದೆ ಹೋದೆ. ಒಳಗೆ ಅಜ್ಜಿಯರು, ಮೊಮ್ಮಕ್ಕಳು, ಸಂಸಾರಗಳೇ ತುಂಬಿದ್ದವು. ಅಳುಕುತ್ತಲೇ ‘ಮೋಸ್ತೊ’ ಎಂಬ ದ್ರಾಕ್ಷಿರಸ ಕೇಳಿದೆ. ಜೊತೆಗೆ ಹಂದಿಮಾಂಸದ ತಟ್ಟೆ ಬಂತು. ನನ್ನ ಮುಖ ನೋಡಿದ ವಯಸ್ಸಾದ ಮಾಲೀಕರು ಮಾತಿಲ್ಲದೆ ಅದನ್ನು ಒಯ್ದು, ಬಿಸಿಬಿಸಿ ಕರಿದ ಬದನೆಕಾಯಿ ತಂದಿಟ್ಟರು. ಮೇಲೆ ಕಪ್ಪನೆಯ ಪಾಕ.

ಬಾಯಿಗಿಟ್ಟರೆ, ಅರೆ, ನಮ್ಮ ಜೋನಿಬೆಲ್ಲ! ಅವರು ಅದನ್ನು ‘ಕಬ್ಬಿನ ಜೇನು’ ಅನ್ನುತ್ತಾರೆ. ಕಬ್ಬಿನ ಹಾಲನ್ನು ಕಾಯಿಸಿಯೇ ಮಾಡುವುದು. ಶತಮಾನಗಳ ಹಿಂದೆ ಅರಬರು ಆ ನಾಡಿಗೆ ಕಬ್ಬು ತಂದರು. ಅದಕ್ಕೂ ಮೊದಲು ಕಬ್ಬು ಪಶ್ಚಿಮಕ್ಕೆ ಹೋದದ್ದು ನಮ್ಮ ಕಡೆಯಿಂದಲೇ. ಅಮ್ಮ ದೋಸೆಯ ಮೇಲೆ ಸುರಿಯುವ ಬೆಲ್ಲ ನೆನಪಾಗಿ ಕಣ್ಣು ಒದ್ದೆಯಾಯಿತು. ಇನ್ನೊಂದು ದ್ರಾಕ್ಷಿರಸ ಕೇಳಿದೆ, ಇನ್ನೊಂದು ತಟ್ಟೆ ಬಂತು.

ಮರುದಿನ ಫೋನಿನಲ್ಲಿ, ‘ಅಮ್ಮ, ನಿನ್ನೆ ಹೊಟ್ಟೆ ತುಂಬ ಊಟ ಮಾಡಿದೆ’ ಎಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಂಗಾದ್ರೆ ಇಷ್ಟು ದಿನ ಎಂತ ತಿಂತಿದ್ದೆ ಕೂಸೇ?’