‘ನೀವು ಯಾವ ದೇಶದವರು?’: ಹಳಿಯಾಳದ ಒಬ್ಬ ಸಿದ್ದಿಯ ಉತ್ತರ

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೋತೀನಿ. ಕಳೆದ ಎಪಿಸೋಡ್ ಆದ್ಮೇಲೆ ನಾಲ್ಕೈದು ಜನ ಒಂದೇ ಪ್ರಶ್ನೆ ಕಳಿಸಿದ್ರು. ‘ದನಿ ಕೇಳಿದ್ರೆ ಉತ್ತರ ಕನ್ನಡ, ಫೋಟೊ ನೋಡಿದ್ರೆ ಆಫ್ರಿಕಾ, ಏನ್ ಕಥೆ?’ ಅಂತ. ಕಥೆ ಇದೆ. ಅದರಲ್ಲಿ ಬಣ್ಣ ಇದೆ, ರಾಜಕೀಯ ಇದೆ, ದೇವರೂ ಇದ್ದಾನೆ. ಒಂದೊಂದಾಗಿ ಹೇಳ್ತೀನಿ.

ನಾನು ಸಿದ್ದಿ. ಊರು ಹಳಿಯಾಳದ ಕಡೆ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು. ನಮ್ಮ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು. ಕೆಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದ್ರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದ್ರು. ಅದಕ್ಕೇ ಇವತ್ತಿಗೂ ನಮ್ಮವರು ಹೆಚ್ಚಾಗಿರೋದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ. ಹಾಗಂತ ಬಂದವರೆಲ್ಲ ಗುಲಾಮರಾಗೇ ಉಳಿಯಲಿಲ್ಲ. ಅಹ್ಮದ್‌ನಗರದ ರಾಜ್ಯವನ್ನು ನಿಂತು ನಡೆಸಿದ ಮಲಿಕ್ ಅಂಬರ್ ಇಥಿಯೋಪಿಯಾ ಮೂಲದವನು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಪ್ರಧಾನಿ ಆಗಿದ್ದ. ಕೊಂಕಣ ಕರಾವಳಿಯ ಜಂಜೀರಾ ಕೋಟೆಯನ್ನು ಆಳಿದವರೂ ಸಿದ್ದಿಗಳೇ.

ಈಗ ದಿನನಿತ್ಯದ ವಿಷಯಕ್ಕೆ ಬರೋಣ. ಆಟೊ ಹತ್ತಿದ್ರೆ ಇಂಗ್ಲಿಷಲ್ಲಿ ರೇಟ್ ಹೇಳ್ತಾರೆ, ಅದೂ ಡಬಲ್. ‘ಅಣ್ಣಾ, ಮೀಟರ್ ಹಾಕಿ’ ಅಂದ್ರೆ ತಿರುಗಿ ನೋಡ್ತಾರೆ. ಬಾಡಿಗೆ ಮನೆ ಕೇಳೋಕೆ ಹೋದಾಗ ಫೋನಲ್ಲಿ ಖಾಲಿ ಇದ್ದ ಮನೆ ನಾನು ಗೇಟ್ ಮುಂದೆ ನಿಂತಾಗ ‘ಈಗಷ್ಟೇ ಹೋಯ್ತು’ ಆಗಿರುತ್ತೆ. ಆಧಾರ್ ಕಾರ್ಡ್ ತೋರಿಸಿದ್ರೂ ‘ಇದು ಒರಿಜಿನಲ್ಲಾ?’ ಅಂತ ಕೇಳಿದವರಿದ್ದಾರೆ. ‘ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!’ ಅನ್ನೋರು ಒಳ್ಳೆ ಮನಸ್ಸಿಂದಲೇ ಅಂತಾರೆ. ಆದ್ರೆ ಹಳಿಯಾಳದಲ್ಲಿ ಹುಟ್ಟಿದವನಿಗೆ ಅದು ಹೊಗಳಿಕೆ ಅನ್ನಿಸಲ್ಲ.

ಇದು ಬರೀ ಬೇಜಾರಿನ ಮಾತಲ್ಲ. 2016ರ ಜನವರಿ 31ರಂದು ಬೆಂಗಳೂರಿನಲ್ಲಿ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಒಬ್ಬ ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ, ದೇಶವೂ ಬೇರೆ. ಗುಂಪಿಗೆ ಕಂಡಿದ್ದು ಬಣ್ಣ ಮಾತ್ರ. ಆ ಹೊತ್ತಲ್ಲಿ ನಮ್ಮವರು ಯಾರಾದ್ರೂ ಅಲ್ಲಿ ಹೋಗ್ತಿದ್ರೆ, ‘ನಾನು ಯಲ್ಲಾಪುರದವನು’ ಅಂತ ಹೇಳೋಕಾದ್ರೂ ಟೈಮ್ ಸಿಗ್ತಿತ್ತಾ?

ಹಾಗಾದ್ರೆ ಕಾನೂನು ಏನು ಹೇಳುತ್ತೆ? ಸಂವಿಧಾನದ 15ನೇ ವಿಧಿ ಜನಾಂಗದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತೆ. ಅಂಗಡಿ, ಹೋಟೆಲು, ಬಾವಿ, ರಸ್ತೆ ಎಲ್ಲ ಅದರಲ್ಲಿ ಬರುತ್ತೆ. ಖಾಸಗಿ ಬಾಡಿಗೆ ಮನೆ ಮಾತ್ರ ಆ ಪಟ್ಟಿಯಲ್ಲಿಲ್ಲ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ಯುವಕನೊಬ್ಬ ಹಲ್ಲೆಯ ನಂತರ ಸತ್ತಾಗ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. ಜನಾಂಗೀಯ ನಿಂದನೆಗೇ ಪ್ರತ್ಯೇಕ ಕಲಂ ಬೇಕು ಅಂತ ಸಮಿತಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪು ಹತ್ಯೆಯ ಕಲಂನಲ್ಲಿ ಜನಾಂಗದ ಹೆಸರಿದೆ. ನಿಂದನೆಗೆ ಅಂಥ ಪ್ರತ್ಯೇಕ ಕಲಂ ಬರಲಿಲ್ಲ.

ನನಗೆ ಇನ್ನೊಂದು ರಕ್ಷಣೆ ಇದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ರು. 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಯವರೂ ಸೇರಿದ್ರು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ನಮ್ಮ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರಾದ್ರು. ಪಟ್ಟಿಯಲ್ಲಿ ಇರೋದ್ರಿಂದ, ಪರಿಶಿಷ್ಟರಲ್ಲದವರು ನಾಲ್ಕು ಜನರ ಎದುರು ಬೇಕಂತಲೇ ನನ್ನನ್ನ ಅವಮಾನಿಸಿದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ದೂರು ಕೊಡಬಹುದು. ಆಫ್ರಿಕಾದಿಂದ ಓದೋಕೆ ಬಂದವರಿಗೆ ಇದೂ ಇಲ್ಲ.

ಇಲ್ಲಿಗೆ ದೇವರ ವಿಷಯ ಬಂತು. ನಮ್ಮ ಮನೆಯಲ್ಲಿ ಭಾನುವಾರ ಚರ್ಚು. ನಮ್ಮ ಚಿಕ್ಕಮ್ಮ ಮದುವೆಯಾಗಿ ಹೋಗಿದ್ದು ಯಲ್ಲಾಪುರದ ಹಿಂದೂ ಸಿದ್ದಿಗಳ ಮನೆಗೆ. ನನ್ನ ಜೊತೆ ಹೈಸ್ಕೂಲಿಗೆ ಬರ್ತಿದ್ದ ಗೆಳೆಯ ಮುಸ್ಲಿಂ ಸಿದ್ದಿ. ಡಮಾಮಿ ಬಡಿದು ಕುಣಿಯೋವಾಗ ಯಾರ ದೇವರು ಯಾರು ಅಂತ ಯಾರೂ ಲೆಕ್ಕ ಇಡಲ್ಲ. ಪೇಟೆಯಲ್ಲಿ ನಮ್ಮನ್ನ ಆಡಿಕೊಳ್ಳೋರೂ ಕೂದಲು ನೋಡ್ತಾರೆ, ಧರ್ಮ ಕೇಳಲ್ಲ.

ಪರಿಶಿಷ್ಟ ಜಾತಿಗೆ ಧರ್ಮದ ಷರತ್ತಿದೆ. 1950ರ ಆದೇಶದಲ್ಲಿ ಅದು ಮೂಲತಃ ಹಿಂದೂಗಳಿಗೆ ಅಂತಿತ್ತು, ಆಮೇಲೆ ಸಿಖ್ಖರು, ಬೌದ್ಧರು ಸೇರಿದ್ರು. ಪರಿಶಿಷ್ಟ ಪಂಗಡಕ್ಕೆ ಆ ಷರತ್ತಿಲ್ಲ. ಹಾಗಾಗಿ ನಾನು, ಚಿಕ್ಕಮ್ಮನ ಮಗ, ಆ ಗೆಳೆಯ, ಮೂವರ ಹತ್ತಿರವೂ ಒಂದೇ ಸರ್ಟಿಫಿಕೇಟ್ ಇದೆ. ಈಗ ದೇಶದ ಕೆಲವು ಕಡೆ, ಮತಾಂತರ ಆದ ಆದಿವಾಸಿಗಳನ್ನ ಪಟ್ಟಿಯಿಂದ ತೆಗೀಬೇಕು ಅನ್ನೋ ಬೇಡಿಕೆ ಕೇಳ್ತಿದೆ. ಅವರ ವಾದ ಏನಂದ್ರೆ, ಧರ್ಮ ಬದಲಾದ್ರೆ ಬುಡಕಟ್ಟಿನ ಸಂಪ್ರದಾಯ ಬಿಟ್ಟ ಹಾಗೆ, ಸವಲತ್ತು ಉಳಿದವರಿಗೆ ಸಿಗಲಿ. ನನ್ನ ಪ್ರಶ್ನೆ ಇಷ್ಟೇ: ಆ ನಿಯಮ ಬಂದ್ರೆ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮಗನ ಸ್ಕಾಲರ್‌ಶಿಪ್ ಉಳಿಯುತ್ತೆ, ನನ್ನ ತಂಗಿಯದು ಹೋಗುತ್ತೆ. ಗೇಟಿನ ಹತ್ತಿರ ‘ಮನೆ ಖಾಲಿ ಇಲ್ಲ’ ಅನ್ನೋ ಉತ್ತರ ಮಾತ್ರ ಇಬ್ಬರಿಗೂ ಒಂದೇ ಇರುತ್ತೆ.

ನೀವು ಏನ್ ಮಾಡಬಹುದು? ಬಾಡಿಗೆ ಮನೆ ತೋರಿಸೋ ಮಾಲೀಕರು ನಿಮ್ಮ ಸಂಬಂಧಿಕರೇ ಆಗಿದ್ರೆ ಒಂದು ಮಾತು ಹೇಳಿ. ಗುಂಪಲ್ಲಿ ಯಾರಾದ್ರೂ ‘ನೀಗ್ರೋ’ ಅಂತ ಕೂಗಿದಾಗ ನಗಬೇಡಿ. ಹೊಸಬರು ಸಿಕ್ಕಾಗ ‘ಯಾವ ದೇಶ?’ ಬದಲು ‘ಯಾವ ಊರು?’ ಅಂತ ಕೇಳಿ. ಆ ಪ್ರಶ್ನೆಯನ್ನ ಕರ್ನಾಟಕದಲ್ಲಿ ಎಲ್ಲರೂ ಎಲ್ಲರಿಗೂ ಕೇಳ್ತಾರೆ, ನನಗೂ ಅದನ್ನೇ ಕೇಳಿ.

ನಿಮ್ಮ ಅನುಭವ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.