ಸಿರಿಯ ಹಾಡಿನಲ್ಲಿ ನಮಗೂ ಒಂದು ಜಾಗ

ಬಂಟ್ವಾಳ ಸೀಮೆಯಲ್ಲಿ ಮಳೆಗಾಲದ ಏಣೆಲು ಬೇಸಾಯಕ್ಕೆ ನೇಜಿ ನೆಡುವಾಗ ಹೆಂಗಸರು ತುಳುವಿನ ಕಥನಗೀತೆಯಾದ ಪಾಡ್ದನ ಹೇಳುತ್ತಿದ್ದರು. ಒಬ್ಬಾಕೆ ಸಾಲು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಿದ್ದರು. ಹಾಡಿನ ಸಾಹಿತ್ಯದಲ್ಲಿ ಮನುಷ್ಯ ಸಂಬಂಧ ಎಂದೊಡನೆ ನಾವು ಪ್ರೀತಿ, ವಿರಹದ ಮಾತುಗಳನ್ನು ಹುಡುಕುತ್ತೇವೆ. ಪಾಡ್ದನದಲ್ಲಿ ಅಂಥ ಮಾತು ಕಡಿಮೆ. ಸಂಬಂಧ ಎಲ್ಲಿ ಮುರಿಯಿತು, ಯಾರಿಂದ ಮುರಿಯಿತು ಎನ್ನುವುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೇಳುವವರು ಅದರೊಳಗೆ ಬರುವುದು ಆ ಬಿರುಕಿನ ಮೂಲಕವೇ ಎಂಬುದು ನನ್ನ ನಂಬಿಕೆ.

ಸಿರಿಯ ಪಾಡ್ದನವನ್ನೇ ನೋಡಿ. ಗಂಡ ಕಾಂತು ಪೂಂಜ ಬಯಕೆಯ ಶಾಸ್ತ್ರಕ್ಕೆಂದು ತಂದ ಸೀರೆಯನ್ನು ಮೊದಲು ಸೂಳೆ ಸಿದ್ದು ಉಟ್ಟಿದ್ದಳೆಂದು ತಿಳಿದು ಸಿರಿ ಅದನ್ನು ಮುಟ್ಟುವುದಿಲ್ಲ. ಮುಂದೆ ಗಂಡನನ್ನೇ ಬಿಟ್ಟು, ಹಸುಗೂಸು ಕುಮಾರನನ್ನು ಕಟ್ಟಿಕೊಂಡು, ಕೆಲಸದಾಕೆ ದಾರುವಿನೊಂದಿಗೆ ಹೊರಡುತ್ತಾಳೆ. ಮರುಮದುವೆಯಾದ ಮನೆಯಲ್ಲಿ ಸವತಿ ಸಾಮು ಇದ್ದಾಳೆ. ಜಗಳದಿಂದ ಶುರುವಾದದ್ದು ಅಕ್ಕತಂಗಿಯರ ಬಾಂಧವ್ಯಕ್ಕೆ ಬಂದು ನಿಲ್ಲುತ್ತದೆ. ಸಿರಿಯ ಮಗಳು ಸೊನ್ನೆಯ ಮಕ್ಕಳಾದ ಅಬ್ಬಗ-ದಾರಗರದು ಇದಕ್ಕೆ ವಿರುದ್ಧ ದಾರಿ. ಜೀವಕ್ಕೆ ಜೀವವಾಗಿದ್ದ ಅವಳಿಗಳು ಚೆನ್ನೆಮಣೆಯ ಆಟದಲ್ಲಿ ಮುನಿದು ಸಾಯುತ್ತಾರೆ. ರಕ್ತಸಂಬಂಧ ಕೈಬಿಡಬಹುದು, ಸವತಿ ಕೈಹಿಡಿಯಬಹುದು. ಇಷ್ಟು ನಿಷ್ಠುರವಾದ ಸತ್ಯವನ್ನು ನಮ್ಮ ಎಷ್ಟು ಭಾವಗೀತೆಗಳು ಹೇಳಿವೆ?

ತುಳುನಾಡಿನ ಕವತ್ತಾರು ಮೊದಲಾದೆಡೆ ನಡೆಯುವ ಸಿರಿಜಾತ್ರೆಯಲ್ಲಿ ಈ ಕಥೆ ಹಾಡಾಗಿಯಷ್ಟೇ ಉಳಿಯುವುದಿಲ್ಲ. ಆವೇಶ ಬಂದ ಹೆಂಗಸರು ಸಿರಿ, ಸಾಮು, ಸೊನ್ನೆ, ಅಬ್ಬಗ ಎಂದು ತಮ್ಮನ್ನು ಹೇಳಿಕೊಳ್ಳುತ್ತಾರೆ, ಕುಮಾರನಾಗಿ ನಿಂತವನು ಅವರನ್ನು ಮಾತಾಡಿಸುತ್ತಾನೆ. ಭಕ್ತರಿಗೆ ಅದು ದೈವದ ಬರವು, ಆ ನಂಬಿಕೆಯನ್ನು ಮನಶ್ಶಾಸ್ತ್ರಕ್ಕೆ ಇಳಿಸಬೇಕಿಲ್ಲ. ಮನೆಯಲ್ಲಿ ಆಡಲಾಗದ ಸಂಕಟಕ್ಕೆ ಅಲ್ಲಿ ಹೆಸರೂ ಬಳಗವೂ ಸಿಗುತ್ತದೆ ಎಂಬುದಂತೂ ಕಣ್ಣಿಗೆ ಕಾಣುವ ಸಂಗತಿ.

ಹೆಂಗಸರು ನೇಜಿ ನೆಡುತ್ತ ಹಾಡಿದ ಗದ್ದೆ ಧಣಿಯದು, ದುಡಿಮೆ ಒಕ್ಕಲಿನದು, ಅಲ್ಲೆಂಥ ಬಾಂಧವ್ಯ ಎಂದು ಕೇಳಬಹುದು. ಕೇಳಲೇಬೇಕು. ಆ ಬದುಕು ಮರಳಲಿ ಎಂದು ಯಾರೂ ಬಯಸಬಾರದು. ಆದರೆ ಧಣಿಯ ಗದ್ದೆಯಲ್ಲಿ ನಿಂತೇ ಆ ಹೆಂಗಸರು ಗಂಡನನ್ನು ಬಿಟ್ಟು ನಡೆದವಳ ಕಥೆ ಹೇಳಿದರು. ಆ ಆಯ್ಕೆ ಅವರದು. ಒಬ್ಬರೇ ಕೂತು ಕೇಳುವ ಸಿನಿಮಾ ಹಾಡೂ ಸಾಂತ್ವನ ಕೊಡುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಕೊಡುತ್ತದೆ, ನಿಜ. ಆದರೆ ಅದು ನಮ್ಮ ಮರುದನಿಗಾಗಿ ಕಾಯುವುದಿಲ್ಲ.

ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ದಾಖಲಿಸಿದರು. 1998ರಲ್ಲಿ ಅಚ್ಚಾದ ಅದರಲ್ಲಿ 15,683 ಸಾಲುಗಳಿವೆ. ಸಾಲುಗಳು ಉಳಿದವು, ದನಿಗೂಡಿಸುವ ಅಭ್ಯಾಸ ಉಳಿಯಲಿಲ್ಲ. ಶಾಲೆಯ ವೇದಿಕೆಗೆ ಪಾಡ್ದನ ತರುವವರು ಒಬ್ಬಳೇ ಹುಡುಗಿಯ ಕೈಗೆ ಮೈಕು ಕೊಟ್ಟು ಸುಮ್ಮನಾಗದೆ, ಎದುರು ಕೂತವರಿಗೂ ಮರುಸಾಲು ಕಲಿಸಲಿ.