ಬೇಸಿಗೆಯ ದಪ್ಪ ಟೊಮೆಟೊ: ಹೂವಿನಲ್ಲೇ ಅಡಗಿರುವ ಲಾಭನಷ್ಟ

ಟೊಮೆಟೊ ವ್ಯಾಪಾರದಲ್ಲಿ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗಿನ ಅವಧಿಯನ್ನು ಬೆಳೆಗಾರರೂ ಮಂಡಿಯವರೂ ಕಾದು ನೋಡುತ್ತಾರೆ. ಆಗ ಆವಕ ಕಡಿಮೆ, ಬೇಡಿಕೆ ಹೆಚ್ಚು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ 15 ಕೆ.ಜಿ.ಯ ಒಂದು ಪೆಟ್ಟಿಗೆ 2,000 ರೂ.ಗಳ ಗಡಿಯನ್ನು ದಾಟಿತ್ತು. ಅದೇ ವರ್ಷದ ಸೆಪ್ಟೆಂಬರ್ ವೇಳೆಗೆ ಧಾರಣೆ ನೆಲಕಚ್ಚಿದ್ದನ್ನೂ ಯಾರೂ ಮರೆತಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಬೇಸಿಗೆ ಬೆಳೆಗೆ ಮುಂಗಡ ನೀಡುವ ವರ್ತಕರ ಕಣ್ಣು ಇರುವುದು ಈ ಆರು ವಾರಗಳ ಮೇಲೆ.

ಆದರೆ ಹೂವು ಅರಳಿದ ದಿನದಿಂದ ಹಣ್ಣು ಕೊಯ್ಲಿಗೆ ಬರಲು ಸುಮಾರು 45ರಿಂದ 50 ದಿನಗಳು ಬೇಕು. ಜೂನ್ ಮಧ್ಯದಲ್ಲಿ ಪೆಟ್ಟಿಗೆ ತುಂಬಬೇಕಾದರೆ ಏಪ್ರಿಲ್ ಕೊನೆಯಲ್ಲಿ, ಅಂದರೆ ಅಶ್ವಿನಿ-ಭರಣಿ ಮಳೆ ನಕ್ಷತ್ರಗಳ ಸುಡುಬಿಸಿಲಿನಲ್ಲಿ, ಹೂವು ಕಾಯಿ ಕಟ್ಟಬೇಕು. ಒಳ್ಳೆಯ ಧಾರಣೆಯ ಕಾಲಕ್ಕೆ ಸಿಗಬೇಕಾದ ಹಣ್ಣಿನ ಹೂವು ಅತ್ಯಂತ ಕೆಟ್ಟ ಹವೆಯಲ್ಲಿ ಅರಳುತ್ತದೆ ಎಂಬುದೇ ಈ ವ್ಯವಹಾರದ ಮೂಲ ತೊಡಕು.

ಈ ನಾಲ್ಕೂ ತಾಲ್ಲೂಕುಗಳು ರಾಜ್ಯದ ಮಧ್ಯ ಒಣ ವಲಯಕ್ಕೆ ಸೇರಿವೆ. ಈ ವಲಯದ ವಾರ್ಷಿಕ ಮಳೆ ಸ್ಥೂಲವಾಗಿ 450ರಿಂದ 720 ಮಿ.ಮೀ.ಗಳ ನಡುವೆ ಇದ್ದು, ಬೇಸಿಗೆಯ ತರಕಾರಿ ಕೊಳವೆಬಾವಿಯನ್ನೇ ನೆಚ್ಚಿಕೊಂಡಿದೆ. ಟೊಮೆಟೊ ಗಿಡಕ್ಕೆ ಹಗಲಿನಲ್ಲಿ 21ರಿಂದ 29 ಡಿಗ್ರಿ ಸೆಲ್ಷಿಯಸ್, ರಾತ್ರಿ 15ರಿಂದ 20 ಡಿಗ್ರಿ ಉಷ್ಣತೆ ಹಿತಕರ. ಏಪ್ರಿಲ್‌ನಲ್ಲಿ ಇಲ್ಲಿ ಹಗಲಿನ ಉಷ್ಣತೆ 35 ಡಿಗ್ರಿ ದಾಟುವುದು ಸಾಮಾನ್ಯ. ಅದಕ್ಕಿಂತಲೂ ಹೆಚ್ಚು ಹಾನಿ ಮಾಡುವುದು ರಾತ್ರಿಯ ಸೆಕೆ. ರಾತ್ರಿಯ ಉಷ್ಣತೆ 21-22 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಪರಾಗ ಜಳ್ಳಾಗಿ ಹೂವು ತೊಟ್ಟಿನಲ್ಲೇ ಕಳಚಿ ಬೀಳುತ್ತದೆ. ಈ ಹಾನಿ ಹೂವು ಅರಳುವುದಕ್ಕೆ ಎಂಟು-ಹತ್ತು ದಿನ ಮೊದಲೇ, ಮೊಗ್ಗಿನೊಳಗೆ ಆಗಿಬಿಟ್ಟಿರುತ್ತದೆ. ಆದುದರಿಂದ ಒಂದು ಹದಮಳೆ ಬಿದ್ದು ಹವೆ ತಂಪಾದ ಮಾತ್ರಕ್ಕೆ ಮರುದಿನದಿಂದಲೇ ಕಾಯಿ ಕಟ್ಟುವುದಿಲ್ಲ.

ತೇವಾಂಶದ ಕಾಟ ಎರಡು ಬಗೆಯದು. ಮಾರ್ಚ್-ಏಪ್ರಿಲ್‌ನ ಒಣಗಾಳಿಯಲ್ಲಿ ಹೂವಿನ ಶಲಾಕಾಗ್ರ ಒಣಗಿ, ಪರಾಗ ಅಂಟಿಕೊಳ್ಳುವುದಿಲ್ಲ. ಮೇ ತಿಂಗಳಲ್ಲಿ ಕೃತ್ತಿಕೆ ಮಳೆ ಬಿದ್ದು ಗಾಳಿಯಲ್ಲಿ ತೇವ ತುಂಬಿದಾಗ ಪರಾಗ ಮುದ್ದೆಗಟ್ಟಿ ಉದುರುವುದಿಲ್ಲ. ಜಯಮಂಗಲಿ ನದಿಯ ಆಸುಪಾಸಿನಲ್ಲಿ ತೆಂಗು, ಅಡಿಕೆ ತೋಟಗಳ ನಡುವೆ ಗಾಳಿಯಾಡದ ಹೊಲಗಳಲ್ಲಿ ಎರಡನೆಯ ಕಾಟ, ಪಾವಗಡ-ಶಿರಾಗಳ ಬಯಲಿನಲ್ಲಿ ಮೊದಲನೆಯ ಕಾಟ ಹೆಚ್ಚು.

ದಪ್ಪ ಹಣ್ಣೇ ಮೊದಲು ಸೋಲುವುದೇಕೆ?

ಹಣ್ಣಿನ ಗಾತ್ರ ಬಹುಮಟ್ಟಿಗೆ ಅದರೊಳಗಿನ ಬೀಜಗಳ ಸಂಖ್ಯೆಯನ್ನು ಅವಲಂಬಿಸಿದೆ. ದೊಡ್ಡ ಹಣ್ಣಿಗೆ ಹೆಚ್ಚು ಅಂಡಕಗಳು ಫಲಿತವಾಗಬೇಕು. ಅದಕ್ಕೆ ಹೆಚ್ಚು ಸಜೀವ ಪರಾಗ ಬೇಕು. ಪರಾಗ ಅರೆಬರೆಯಾದಾಗ ಸಣ್ಣ ಹಣ್ಣಿನ ತಳಿ ಹೇಗೋ ಕಾಯಿ ಕಟ್ಟುತ್ತದೆ. ದಪ್ಪ ಹಣ್ಣಿನ ತಳಿಯಲ್ಲಿ ಒಂದೋ ಹೂವು ಉದುರುತ್ತದೆ, ಇಲ್ಲವೇ ಹಣ್ಣು ಕಿರಿದಾಗಿ, ಸೊಟ್ಟಗೆ, ಒಳಗೆ ಪೊಳ್ಳಾಗಿ ಬರುತ್ತದೆ. ಹೂವು ಉದುರದಂತೆ ಸಿಂಪಡಿಸುವ ಹಾರ್ಮೋನುಗಳಿಂದ ಕಾಯಿ ನಿಲ್ಲುವುದು ನಿಜವಾದರೂ, ಬೀಜವಿಲ್ಲದ ಪೊಳ್ಳು ಕಾಯಿಗಳು ಅದರ ಬೆಲೆ. ಪೊಳ್ಳು ಹಣ್ಣು ದೂರದ ಸಾಗಣೆಗೆ ತಾಳುವುದಿಲ್ಲ ಎಂಬುದನ್ನು ಮಂಡಿಯವರಿಗೆ ಹೇಳಬೇಕಿಲ್ಲ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ನೋಡಬಹುದು. ಎಕರೆಗೆ 5,000 ಗಿಡಗಳು ಉಳಿದು, ಗಿಡಕ್ಕೆ 30 ಹಣ್ಣುಗಳು ನಿಂತವೆಂದು ಇಟ್ಟುಕೊಂಡರೆ, ತಲಾ 100 ಗ್ರಾಂ ತೂಕದಲ್ಲಿ ಇಳುವರಿ 15 ಟನ್, ಅಂದರೆ 1,000 ಪೆಟ್ಟಿಗೆ. ಅದೇ 30 ಹಣ್ಣುಗಳು 60 ಗ್ರಾಂಗೆ ಇಳಿದರೆ 9 ಟನ್, 600 ಪೆಟ್ಟಿಗೆ. ಗೂಟ, ತಂತಿ, ಗೊಬ್ಬರ, ಔಷಧಿ, ಕೊಯ್ಲಿನ ಕೂಲಿಗಳಲ್ಲಿ ಕಡಿತವೇನೂ ಆಗುವುದಿಲ್ಲ. ವಿಂಗಡಣೆಯಲ್ಲಿ ಸಣ್ಣ ಹಣ್ಣು ಕೆಳದರ್ಜೆಗೆ ಹೋಗಿ ಪೆಟ್ಟಿಗೆಯ ದರವೂ ಇಳಿಯುತ್ತದೆ. ಹೀಗಾಗಿ ನಷ್ಟ ಎರಡು ಕಡೆಯಿಂದ ಬರುತ್ತದೆ.

ತಳಿಯ ಆಯ್ಕೆಯಲ್ಲಿ ಇಲ್ಲಿಯ ಬೆಳೆಗಾರನಿಗೆ ಹತ್ತಿರದಲ್ಲೇ ನೆರವಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಅಮೆರಿಕದ ಟಿಪ್-ಟಾಪ್ ತಳಿಯಿಂದ ಆಯ್ದು ರೂಪಿಸಿದ ಅರ್ಕಾ ವಿಕಾಸ್ 80-90 ಗ್ರಾಂ ತೂಗುವ, ನೀರಿನ ಕೊರತೆಯನ್ನೂ ಬಿಸಿಲನ್ನೂ ಸಹಿಸುವ ತಳಿ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಸಂಕರಣದ ಹಣ್ಣು 90ರಿಂದ 100 ಗ್ರಾಂ ತೂಗುತ್ತದೆ. ಎಲೆ ಮುದುಡು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಎಲೆ ಅಂಗಮಾರಿ ಮೂರಕ್ಕೂ ನಿರೋಧಕ ಶಕ್ತಿ ಪಡೆದಿದೆ. ವಿದೇಶಗಳಲ್ಲಿ ಬೆಳೆಯುವ ಅರ್ಧ ಕಿಲೋ ತೂಕದ ಹಣ್ಣುಗಳ ಚಿತ್ರ ನೋಡಿ ಬೀಜ ತರಿಸುವವರೂ ಇದ್ದಾರೆ. ಅವು ನಮ್ಮ ಏಪ್ರಿಲ್‌ಗೆ ಹೇಳಿಸಿದವಲ್ಲ, ನಮ್ಮ ಮಾರುಕಟ್ಟೆಗೂ ಬೇಕಾದವಲ್ಲ.

ತಳಿ ಎಂಥದ್ದೇ ಇರಲಿ, ನಾಟಿಯ ದಿನಾಂಕವನ್ನು ಬದಲಿಸುವುದೇ ಅಗ್ಗದ ಉಪಾಯ. ಡಿಸೆಂಬರ್‌ನಲ್ಲಿ ಬೀಜ ಹಾಕಿ ಜನವರಿಯಲ್ಲಿ ನಾಟಿ ಮಾಡಿದರೆ ಮೊದಲ ಗೊಂಚಲುಗಳು ಫೆಬ್ರವರಿ-ಮಾರ್ಚ್‌ನಲ್ಲೇ ಕಾಯಿ ಕಟ್ಟಿ, ಏಪ್ರಿಲ್-ಮೇಯಲ್ಲಿ ದಪ್ಪ ಹಣ್ಣು ದೊರೆಯುತ್ತದೆ. ಧಾರಣೆ ತುಸು ಕಡಿಮೆ ಇರಬಹುದು, ಪೆಟ್ಟಿಗೆಗಳಂತೂ ತುಂಬುತ್ತವೆ. ಜೂನ್-ಜುಲೈ ಧಾರಣೆಯೇ ಬೇಕೆನ್ನುವವರು ಇಡೀ ಹೊಲವನ್ನು ಪಣಕ್ಕಿಡದೆ, ಒಂದು ಭಾಗವನ್ನು ಮಾತ್ರ ತಡವಾಗಿ ನಾಟಿ ಮಾಡಿ ಅದಕ್ಕೆ ನೆರಳು ಪರದೆಯ ಖರ್ಚು ಮಾಡುವುದು ಲೇಸು. ಪರದೆ ಶೇ. 35ರಷ್ಟು ನೆರಳು ನೀಡಿದರೆ ಸಾಕು. ಶೇ. 50ರ ಪರದೆಯ ಕೆಳಗೆ ಬೆಳಕು ಸಾಲದೆ ಗಿಡ ಉದ್ದವಾಗುತ್ತದೆ, ಹಣ್ಣು ದಪ್ಪವಾಗುವುದಿಲ್ಲ.

ನೀರು ದಿನಕ್ಕೊಮ್ಮೆ, ಹನಿ ನೀರಾವರಿಯಲ್ಲಿ, ಅಳತೆ ತಪ್ಪದೆ ಹೋಗಬೇಕು. ವಿದ್ಯುತ್ ಬಂದ ದಿನ ಹೊಲ ತೋಯಿಸಿ ಎರಡು ದಿನ ಬಿಟ್ಟರೆ, ಸುಣ್ಣದ ಅಂಶ ಕಾಯಿಯ ತುದಿಗೆ ತಲುಪದೆ ತುದಿ ಕಪ್ಪಾಗಿ ಕೊಳೆಯುತ್ತದೆ. ಅನಂತರ ನೀರು ಹೆಚ್ಚಾದಾಗ ಹಣ್ಣು ಬಿರಿಯುತ್ತದೆ. ಯೂರಿಯಾವನ್ನು ಧಾರಾಳವಾಗಿ ಕೊಟ್ಟರೆ ಎಲೆ ಬೆಳೆದು ಹೂವು ಉದುರುತ್ತದೆ. ಗೊಂಚಲಿಗೆ ಮೂರು-ನಾಲ್ಕು ಕಾಯಿ ಉಳಿಸಿ ಮಿಕ್ಕವನ್ನು ಎಳೆಯದರಲ್ಲೇ ಚಿವುಟಿದರೆ ಗಾತ್ರ ಹೆಚ್ಚುವುದು ಖಚಿತವಾದರೂ, ಕೂಲಿ ನೋಡಿಕೊಂಡು ಮಾಡಬೇಕಾದ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಆಸರೆಯ ತಂತಿಯನ್ನು ಮೆಲ್ಲಗೆ ತಟ್ಟಿ ಪರಾಗ ಉದುರಿಸುವುದಕ್ಕೆ ಖರ್ಚೇ ಇಲ್ಲ.

ಶಿರಾ ಮತ್ತು ಪಾವಗಡದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಶೇಂಗಾ ಗಿಡದ ಸುಳಿ ಒಣಗಿಸುವ ನಂಜುರೋಗವೇ ಟೊಮೆಟೊವನ್ನೂ ಬಾಧಿಸುತ್ತದೆ; ಥ್ರಿಪ್ಸ್ ನುಸಿಗಳು ಅದನ್ನು ಹರಡುತ್ತವೆ. ನೀರಾವರಿ ಶೇಂಗಾ ಹೊಲದ ಮಗ್ಗುಲಲ್ಲಿ ಟೊಮೆಟೊ ಸಸಿ ನೆಡುವುದು ಅಪಾಯವನ್ನು ಕರೆದು ಕೂರಿಸಿದಂತೆ. ಅಂಚಿನಲ್ಲಿ ಎರಡು-ಮೂರು ಸಾಲು ಮುಸುಕಿನ ಜೋಳ, ಸಾಲುಗಳಿಗೆ ಬೆಳ್ಳಿಬಣ್ಣ ಮೇಲಾಗಿರುವ ಪ್ಲಾಸ್ಟಿಕ್ ಹೊದಿಕೆ, ಸೊಳ್ಳೆಪರದೆಯೊಳಗೆ ಬೆಳೆಸಿದ ಸಸಿ, ಈ ಮೂರೂ ಬಿಳಿನೊಣ ಹಾಗೂ ನುಸಿಯನ್ನು ತಡೆಯಲು ನೆರವಾಗುತ್ತವೆ.

ಸಣ್ಣ ಉದ್ಯಮಿಗಳಿಗೆ ಇಲ್ಲಿ ಅವಕಾಶವಿದೆ. ಜಿಲ್ಲೆಯಲ್ಲಿ ಹೇರಳವಾಗಿರುವ ತೆಂಗಿನ ನಾರಿನ ಪುಡಿಯನ್ನು ಉಪ್ಪಿನಂಶ ಹೋಗುವಂತೆ ತೊಳೆದು ಸಸಿ ತಟ್ಟೆಗಳಿಗೆ ಒದಗಿಸುವುದು ಅವುಗಳಲ್ಲೊಂದು. ಸಾಸ್ ಮತ್ತು ತಿರುಳು ತಯಾರಕರು ಮಾತ್ರ ಬೇಸಿಗೆ ಹಣ್ಣನ್ನು ಕೊಳ್ಳುವಾಗ ಗಾತ್ರಕ್ಕಿಂತ ಬಣ್ಣ ನೋಡಬೇಕು. ಉಷ್ಣತೆ 30-32 ಡಿಗ್ರಿ ಮೀರಿದರೆ ಹಣ್ಣಿನ ಕೆಂಪು ವರ್ಣದ್ರವ್ಯ ಸರಿಯಾಗಿ ಉತ್ಪತ್ತಿಯಾಗದೆ ಹಳದಿ ಛಾಯೆ ಉಳಿಯುತ್ತದೆ. ಸಾಸ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ. ತಾಜಾ ಟೊಮೆಟೊಗೆ ತೆರಿಗೆ ಇಲ್ಲ.

ಇನ್ನು ಮುಂಗಡದ ವಿಚಾರ. ನಾಟಿಯ ದಿನವೇ ಪೂರ್ತಿ ಹಣ ಕೊಡುವ ರೂಢಿಗಿಂತ, ಒಂದು ಕಂತನ್ನು ನಾಟಿಗೆ, ಉಳಿದುದನ್ನು ಎರಡು-ಮೂರನೆಯ ಗೊಂಚಲಿನಲ್ಲಿ ಕಾಯಿ ನಿಂತದ್ದನ್ನು ಹೊಲದಲ್ಲಿ ನೋಡಿದ ಮೇಲೆ ಕೊಡುವುದು ಇಬ್ಬರಿಗೂ ಕ್ಷೇಮ. ಹೂವು ಉದುರಿ ಹೋದ ಹೊಲದ ಮೇಲೆ ಇಡೀ ಮುಂಗಡದ ಹೊರೆ ಬಿದ್ದರೆ ರೈತ ಮರುವರ್ಷ ಆ ಮಂಡಿಯ ಕಡೆ ತಲೆ ಹಾಕುವುದಿಲ್ಲ. ಪುಸ್ತಕದಲ್ಲಿ ಬರೆಯುವಾಗಲೂ ಎಚ್ಚರ ಬೇಕು. ಬರಲಿರುವ ಮಾಲಿಗೆ ಮುಂಗಡವೆಂದು ಕೊಟ್ಟದ್ದನ್ನು ಕೈಸಾಲವೆಂದು ದಾಖಲಿಸಿದರೆ, 20,000 ರೂ. ಅಥವಾ ಅದಕ್ಕೂ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ಪಡೆಯಬಾರದೆಂಬ ಆದಾಯ ತೆರಿಗೆ ನಿಯಮದ ತಕರಾರು ಸಾಲ ಪಡೆದ ರೈತನ ಮೇಲೆ ಬರಬಹುದು. ದಿನಕ್ಕೆ ಒಬ್ಬರಿಗೆ 10,000 ರೂ. ಮೀರಿದ ನಗದು ಪಾವತಿಯನ್ನು ಖರ್ಚೆಂದು ಒಪ್ಪದ ನಿಯಮದಿಂದ ಬೆಳೆದ ರೈತನಿಗೇ ಕೊಟ್ಟ ಹಣಕ್ಕೆ ವಿನಾಯಿತಿ ಇದೆ. ರೈತನಿಂದ ಕೊಂಡು ಮಾರುವ ಮಧ್ಯವರ್ತಿಗೆ ಕೊಟ್ಟ ಹಣಕ್ಕೆ ಈ ವಿನಾಯಿತಿ ಇಲ್ಲ. ಆದುದರಿಂದ ಖರೀದಿ ಚೀಟಿಯಲ್ಲಿ ಬೆಳೆಗಾರನ ಹೆಸರು, ಗ್ರಾಮ, ಪೆಟ್ಟಿಗೆಗಳ ಸಂಖ್ಯೆ ಮತ್ತು ಸಹಿಯನ್ನು ಅಂದಂದೇ ಪಡೆದಿಟ್ಟುಕೊಳ್ಳಬೇಕು.